ರಾಣಿ ರೂಪಾಯಿಯಲ್ಲಿ ಬೆಳ್ಳಿ ಎಷ್ಟು, ಬೆಲೆ ಎಷ್ಟು?

ಇವತ್ತು ರಾಜಕೀಯ ಬೇಡ. ಇವತ್ತು ನಿಮ್ಮ ಮನೆಯ ಹಳೇ ಟ್ರಂಕು ತೆಗೆಯೋಣ.

ಬೆಳ್ಳಿ ರೇಟು ಏರಿದಾಗೆಲ್ಲ ಚಾನೆಲ್ಲಿಗೆ ಒಂದೇ ಥರದ ಫೋನು ಬರುತ್ತೆ. ದಾವಣಗೆರೆಯಿಂದ ಬರುತ್ತೆ, ಹರಿಹರದಿಂದ ಬರುತ್ತೆ, ಹೊನ್ನಾಳಿ, ಚನ್ನಗಿರಿ ಕಡೆಯಿಂದಲೂ ಬರುತ್ತೆ. "ಸಾರ್, ನಮ್ಮಜ್ಜಿ ಪೆಟ್ಟಿಗ್ಯಾಗ ಹಳೇ ಬೆಳ್ಳಿ ರೂಪಾಯಿ ಅದಾವೆ. ಒಂದೊಂದಕ್ಕೆ ಐದು ಲಕ್ಷ ಬರ್ತದೆ ಅಂತ ಮೊಬೈಲ್‌ನಾಗ ತೋರಿಸ್ತಾರೆ. ಪೇಟೆಯಾಗ ಕೇಳಿದ್ರೆ ಅರ್ಧ ತಾಮ್ರ ಐತಿ, ಮುನ್ನೂರು ಕೊಡ್ತೀನಿ ಅಂತಾರೆ. ಯಾವುದು ಖರೆ?"

ಎರಡೂ ಖರೆ ಅಲ್ಲ. ಐದು ಲಕ್ಷ ಅನ್ನೋನು ನಿಮ್ಮ ಆಸೆ ಮೇಲೆ ವ್ಯಾಪಾರ ಮಾಡ್ತಿದ್ದಾನೆ. ಮುನ್ನೂರು ಅನ್ನೋನು ನಿಮ್ಮ ಅಜ್ಞಾನದ ಮೇಲೆ ವ್ಯಾಪಾರ ಮಾಡ್ತಿದ್ದಾನೆ. ಮಗಳ ಕಾಲೇಜು ಫೀಸಿಗೋ, ಮೆಕ್ಕೆಜೋಳದ ಬೀಜ–ಗೊಬ್ಬರಕ್ಕೋ, ಆಸ್ಪತ್ರೆ ಬಿಲ್ಲಿಗೋ ಅಂತ ಆ ಗಂಟು ಬಿಚ್ಚುವ ಮನೆಗೆ ಇವರಿಬ್ಬರ ನಡುವೆ ನಷ್ಟ ಆಗುತ್ತೆ. ಹಾಗಾಗಿ ಲೆಕ್ಕ ನೀವೇ ಕಲಿತುಬಿಡಿ. ಏಳನೇ ಕ್ಲಾಸಿನ ಗುಣಾಕಾರ ಬಂದರೆ ಸಾಕು.

ಮೊದಲನೇ ಮಾತು. ಒಂದು ನಾಣ್ಯಕ್ಕೆ ಎರಡು ಬೆಲೆ ಇರುತ್ತೆ. ಒಂದು, ಅದರೊಳಗಿನ ಲೋಹದ ಬೆಲೆ. ಇನ್ನೊಂದು, ಸಂಗ್ರಹಕಾರ ಕೊಡುವ ಬೆಲೆ. ಲೋಹದ ಬೆಲೆ ತಕ್ಕಡಿ ಹೇಳುತ್ತೆ. ಸಂಗ್ರಹದ ಬೆಲೆಯನ್ನ ಇಸವಿ, ಟಂಕಸಾಲೆ, ನಾಣ್ಯದ ಸ್ಥಿತಿ ಇವು ಮೂರು ಸೇರಿ ಹೇಳ್ತವೆ. ಎರಡನ್ನೂ ಕಲಸಿದರೆ ಮೋಸ ಹೋಗೋದು ಗ್ಯಾರಂಟಿ.

ಲೋಹದಿಂದ ಶುರು ಮಾಡೋಣ.

ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ಅಂತ ಕಾನೂನು ಮಾಡಿದ್ದು 1835ರಲ್ಲಿ. ಆ ರೂಪಾಯಿಯ ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲ. ಇವತ್ತಿನ ಲೆಕ್ಕದಲ್ಲಿ 11.66 ಗ್ರಾಂ. ರೂಪಾಯಿಯೇ ತೂಕದ ಕಲ್ಲೂ ಆಗಿತ್ತು. ಮೈಸೂರು ಸೀಮೆಯ ಕಚ್ಚಾ ಸೇರು ಅಂದರೆ 24 ರೂಪಾಯಿ ತೂಕ. ಪತ್ತಾರನ ತಕ್ಕಡಿಯ ಒಂದು ಕಡೆ ಒಡವೆ, ಇನ್ನೊಂದು ಕಡೆ ರೂಪಾಯಿ. ಹಳಬರ ಮನೆಯಲ್ಲಿ "ಎರಡು ರೂಪಾಯಿ ತೂಕದ ಸರ" ಅನ್ನೋ ಮಾತು ಬಂದದ್ದು ಹಾಗೆ.

ಈ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಶೇಕಡಾ ಲೆಕ್ಕದಲ್ಲಿ 91.7. ಶುದ್ಧ ಬೆಳ್ಳಿ ಮೆತ್ತಗಿರುತ್ತೆ, ಜೇಬಿನಲ್ಲಿ ತಿಕ್ಕಾಡಿ ಬೇಗ ಸವೆಯುತ್ತೆ, ಅದಕ್ಕೇ ಗಟ್ಟಿಯಾಗಲಿ ಅಂತ ಬೆರಕೆ. ಈಗ 11.66ನ್ನು 0.917ರಿಂದ ಗುಣಿಸಿ. 10.69 ಗ್ರಾಂ ಶುದ್ಧ ಬೆಳ್ಳಿ. 1835ರ ನಾಲ್ಕನೇ ವಿಲಿಯಂ, ಆಮೇಲೆ ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಹೀಗೆ ತಲೆ ಬದಲಾದರೂ ಈ ಅಳತೆ ಬದಲಾಗಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೇ ತೂಕ, ಒಂದೇ ಪಾಕ.

ಚಿಲ್ಲರೆಗೂ ಅದೇ ಸೂತ್ರ. ಎಂಟಾಣೆ 5.83 ಗ್ರಾಂ, ಅದರಲ್ಲಿ ಬೆಳ್ಳಿ 5.35. ಪಾವಲಿ, ಅಂದರೆ ನಾಲ್ಕಾಣೆ, 2.92 ಗ್ರಾಂ, ಬೆಳ್ಳಿ 2.67. ಬೆಳ್ಳಿಯ ಎರಡಾಣೆ 1.46 ಗ್ರಾಂ, ಬೆಳ್ಳಿ 1.34. ಎರಡು ಎಂಟಾಣೆ, ನಾಲ್ಕು ಪಾವಲಿ, ಎಂಟು ಎರಡಾಣೆ, ಯಾವುದು ಕೂಡಿಸಿದರೂ ಅದೇ ಒಂದು ತೊಲ.

ಹಾಗಾದರೆ ಪೇಟೆಯವರು "ಅರ್ಧ ತಾಮ್ರ" ಅಂದದ್ದು ಪೂರ್ತಿ ಸುಳ್ಳಾ? ಅಲ್ಲ. ಇಲ್ಲೇ ನೋಡಿ ಸೂಕ್ಷ್ಮ ಇರೋದು.

1940ರಲ್ಲಿ ಎರಡನೇ ಮಹಾಯುದ್ಧ ಜೋರಾಗಿತ್ತು. ಜನ ನೋಟು ನಂಬದೆ ಬೆಳ್ಳಿ ರೂಪಾಯಿ ಬಚ್ಚಿಡೋಕೆ ಶುರು ಮಾಡಿದರು. ಸರ್ಕಾರ ಏನು ಮಾಡಿತು? ರೂಪಾಯಿಯ ತೂಕ ಮುಟ್ಟಲಿಲ್ಲ, ಗಾತ್ರ ಮುಟ್ಟಲಿಲ್ಲ, ಒಳಗಿನ ಬೆಳ್ಳಿಯನ್ನ ಅರ್ಧಕ್ಕೆ ಇಳಿಸಿತು. ಶೇಕಡಾ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ನಾಲ್ಕು ಲೋಹದ ಬೆರಕೆ. ಆರನೇ ಜಾರ್ಜನ ತಲೆ ಇರುವ 1940ರಿಂದ 1945ರವರೆಗಿನ ಬೆಳ್ಳಿ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 5.83 ಗ್ರಾಂ ಮಾತ್ರ. ಬೆಳ್ಳಿ ಕಡಿಮೆಯಾದರೆ ಖೋಟಾ ಮಾಡೋದು ಸುಲಭ ಅಂತ ಅಂಚಿನಲ್ಲಿ ಬರೀ ಗೆರೆಯ ಬದಲು ಒಂದು ವಿಶೇಷ ಪಟ್ಟಿಯನ್ನೂ ಹಾಕಿದರು. ನಿಮ್ಮ ನಾಣ್ಯದ ಅಂಚನ್ನ ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುತ್ತೆ.

ಇನ್ನು ಮೂರನೇದು. 1947ರ ರೂಪಾಯಿ. ಒಂದು ಕಡೆ ಆರನೇ ಜಾರ್ಜ್, ಇನ್ನೊಂದು ಕಡೆ ಹುಲಿ. ಸ್ವಾತಂತ್ರ್ಯದ ವರ್ಷ, ಹುಲಿ ಚಿತ್ರ, ಹೊಳಪು, ಎಲ್ಲ ಇದೆ. ಬೆಳ್ಳಿ ಎಷ್ಟಿದೆ? ಸೊನ್ನೆ. ಅದು ಶುದ್ಧ ನಿಕ್ಕಲ್. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಈ ರೂಪಾಯಿಗೇ ಹೇಳಿದ ಹಾಗಿದೆ.

ಅಂದರೆ ಒಂದೇ ಗಂಟಿನಲ್ಲಿ, ದೂರದಿಂದ ಒಂದೇ ಥರ ಕಾಣುವ ಮೂರು ರೂಪಾಯಿ ಇರಬಹುದು. 1919ರದ್ದು, 1944ರದ್ದು, 1947ರದ್ದು. ಒಂದರಲ್ಲಿ 10.69 ಗ್ರಾಂ ಬೆಳ್ಳಿ, ಒಂದರಲ್ಲಿ 5.83, ಒಂದರಲ್ಲಿ ಏನೂ ಇಲ್ಲ. ಅಂಗಡಿಯವನು 1944ರದ್ದನ್ನ ಎತ್ತಿ ತೋರಿಸಿ "ಅರ್ಧ ತಾಮ್ರ" ಅಂದರೆ ನಿಜ. ಅದೇ ಮಾತನ್ನ 1919ರದ್ದಕ್ಕೂ ಅಂಟಿಸಿದರೆ ಅದು ಮೋಸ.

ಈ ಬೆಳ್ಳಿ ಬಂದದ್ದಾದರೂ ಎಲ್ಲಿಂದ? ಇದೊಂದು ಸ್ವಾರಸ್ಯ ಕೇಳಿ. ಮೊದಲನೇ ಮಹಾಯುದ್ಧದಲ್ಲೂ ಹೀಗೇ ಬೆಳ್ಳಿಯ ಬರ ಬಂತು. ನಮ್ಮ ದೇಶದ ಒಂದು ರೂಪಾಯಿ ನೋಟು ಹುಟ್ಟಿದ್ದೇ ಆ ಬರಕ್ಕೆ, 1917ರ ನವೆಂಬರ್ 30ರಂದು. ನೋಟು ಸಾಲದಾದಾಗ ಬ್ರಿಟಿಷರು ಅಮೆರಿಕದ ಬಾಗಿಲು ತಟ್ಟಿದರು. 1918ರಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್ ಕಾಯ್ದೆ ಮಾಡಿ, ತನ್ನ ಖಜಾನೆಯ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿ, ಆ ಬೆಳ್ಳಿಯನ್ನ ಭಾರತದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ಹಾಗಾಗಿ ನಿಮ್ಮಜ್ಜಿ ಪೆಟ್ಟಿಗೆಯ 1919ರ ರೂಪಾಯಿ ಅದಕ್ಕೂ ಮೊದಲು ಅಮೆರಿಕದ ಡಾಲರ್ ಆಗಿದ್ದಿರಬಹುದು.

ಎರಡನೇ ಯುದ್ಧದಲ್ಲಿ ಮತ್ತೆ ಅದೇ ಕಥೆ. ಈ ಸಲ ಅಮೆರಿಕ ಸುಮಾರು 22 ಕೋಟಿ ಔನ್ಸ್ ಬೆಳ್ಳಿಯನ್ನ ಸಾಲವಾಗಿ ಕೊಟ್ಟಿತು. ಸಾಲ ಅಂದ ಮೇಲೆ ತೀರಿಸಬೇಕಲ್ಲ? ಸ್ವತಂತ್ರ ಭಾರತ ಆ ಅರ್ಧ ಬೆಳ್ಳಿಯ ರೂಪಾಯಿಗಳನ್ನ ವಾಪಸ್ ಪಡೆದು, ಕಲ್ಕತ್ತದ ಅಲೀಪುರದ ಟಂಕಸಾಲೆಯಲ್ಲಿ ಕರಗಿಸಿ, ಬೆಳ್ಳಿ ಬೇರ್ಪಡಿಸಿ ಆ ಸಾಲ ತೀರಿಸಿತು.

ಹಳೇ ಒಳ್ಳೇ ರೂಪಾಯಿಯನ್ನೂ ಸರ್ಕಾರ 1941ರಿಂದ 1943ರ ನಡುವೆ ಹಂತಹಂತವಾಗಿ ಚಲಾವಣೆಯಿಂದ ತೆಗೆದುಹಾಕಿತು. ಆದರೆ ಎಲ್ಲರೂ ವಾಪಸ್ ಕೊಟ್ಟರಾ? ಇಲ್ಲ. ಕೈಯಲ್ಲಿ ಒಂದು ಒಳ್ಳೇ ರೂಪಾಯಿ, ಒಂದು ಬೆರಕೆ ರೂಪಾಯಿ ಇದ್ದರೆ ನೀವು ಸಂತೆಯಲ್ಲಿ ಯಾವುದನ್ನ ಕೊಡ್ತೀರಿ? ಬೆರಕೆಯದ್ದನ್ನೇ. ಒಳ್ಳೇದು ಪೆಟ್ಟಿಗೆ ಸೇರುತ್ತೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗ್ರೆಶಮ್ ನಿಯಮ ಅಂತಾರೆ. ನಮ್ಮಜ್ಜಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಅದಕ್ಕೇ ಇವತ್ತು ಟ್ರಂಕಿನಲ್ಲಿ ಸಿಗೋದು ಹೆಚ್ಚಾಗಿ ಒಳ್ಳೇ ಬೆಳ್ಳಿಯ ರಾಣಿ ರೂಪಾಯಿ, ರಾಜನ ರೂಪಾಯಿ.

ನಮ್ಮ ಸೀಮೆಯಲ್ಲಿ ಅವು ಇಷ್ಟೊಂದು ಯಾಕೆ ಉಳಿದವು? ದಾವಣಗೆರೆ ಅರಮನೆಯ ಊರಲ್ಲ, ಕೋಟೆಯ ಊರಲ್ಲ, ವ್ಯಾಪಾರದ ಊರು. ಹೈದರಾಲಿ ಇದನ್ನ ಒಬ್ಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಆತ ವರ್ತಕರನ್ನ ಕರೆದು ಕೂರಿಸಿದ, ಊರು ಬೆಳೆಯಿತು. ಆಮೇಲೆ ರೈಲು ಬಂತು, ಹತ್ತಿ ಬಂತು, ಗಿರಣಿಗಳು ಬಂದವು. ಹರಿಹರದಲ್ಲಿ 1860ರ ದಶಕದವರೆಗೆ ಪಲ್ಟನ್ನಿನ ದಂಡು ಇತ್ತು. ತುಂಗಭದ್ರೆಗೆ ಕಲ್ಲು–ಇಟ್ಟಿಗೆಯ ಸೇತುವೆ ಮುಗಿದದ್ದು 1868ರಲ್ಲಿ. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ್ಯ. ಸೇತುವೆ ದಾಟಿದರೆ ಸರ್ಕಾರ ಬದಲಾಗುತ್ತಿತ್ತು, ರೂಪಾಯಿ ಬದಲಾಗುತ್ತಿರಲಿಲ್ಲ. ಯಾಕಂದರೆ ಮೈಸೂರಿನ ಟಂಕಸಾಲೆ 1843ರಲ್ಲೇ ಮುಚ್ಚಿಹೋಗಿತ್ತು. ಸಿಪಾಯಿಯ ಸಂಬಳ, ಹತ್ತಿಯ ದುಡ್ಡು, ಜಾನುವಾರು ಜಾತ್ರೆಯ ದುಡ್ಡು, ಎಲ್ಲ ಇದೇ ರೂಪಾಯಿ. ಬ್ಯಾಂಕು ಇಲ್ಲದ ಕಾಲದಲ್ಲಿ ಮಿಕ್ಕಿದ್ದು ಗಡಿಗೆಗೆ, ಪೆಟ್ಟಿಗೆಗೆ, ದೀಪಾವಳಿಯ ಲಕ್ಷ್ಮಿ ಪೂಜೆಯ ತಟ್ಟೆಗೆ.

ಈಗ ಪರೀಕ್ಷೆ. ಮನೆಯಲ್ಲೇ ಮಾಡಬಹುದು. ನಾನು ಇಂಜಿನಿಯರಿಂಗ್ ಓದಿ ಕ್ಯಾಮೆರಾ ಮುಂದೆ ಬಂದವನು, ಆ ಓದು ಇಲ್ಲಾದರೂ ಉಪಯೋಗಕ್ಕೆ ಬರಲಿ.

ಮೊದಲು ಅಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿಕ್ಕದೊಂದು ಸಾಕು. ನಾಣ್ಯ ಅಂಟಿಕೊಂಡರೆ ಅದು ಬೆಳ್ಳಿಯಲ್ಲ. 1947ರ ಹುಲಿ ರೂಪಾಯಿ ಅಂಟುತ್ತೆ, ಯಾಕಂದರೆ ನಿಕ್ಕಲ್ಲಿಗೆ ಅಯಸ್ಕಾಂತ ಅಂದರೆ ಪ್ರೀತಿ. ಆದರೆ ಒಂದು ಎಚ್ಚರ: ಅಂಟದೇ ಇದ್ದರೆ ಬೆಳ್ಳಿ ಅಂತ ಅರ್ಥ ಅಲ್ಲ. ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಇವೂ ಅಂಟೋದಿಲ್ಲ. ಜರ್ಮನ್ ಸಿಲ್ವರ್ ಹೆಸರಿನಲ್ಲಿ ಮಾತ್ರ ಸಿಲ್ವರು, ಒಳಗೆ ತಾಮ್ರ, ಸತು, ನಿಕ್ಕಲ್.

ಎರಡನೇದು ತೂಕ. ಪತ್ತಾರರು ಬಳಸುವ ಥರದ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಸವೆಯದ ರೂಪಾಯಿ 11.66 ತೋರಿಸಬೇಕು. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಸ್ವಲ್ಪ ಕಡಿಮೆ ಇರುತ್ತೆ, ಅದು ಸಹಜ. ಹತ್ತು ಗ್ರಾಂಗೆ ಇಳಿದಿದ್ದರೆ ಅನುಮಾನ ಪಡಿ.

ಮೂರನೇದು ನೀರು. ಆರ್ಕಿಮಿಡೀಸ್ ಕಥೆ ಶಾಲೆಯಲ್ಲಿ ಕೇಳಿದ್ದೀರಿ, ಈಗ ಮಾಡಿ ನೋಡಿ. ತಕ್ಕಡಿ ಮೇಲೆ ಸಣ್ಣ ಲೋಟದಲ್ಲಿ ನೀರಿಡಿ. ತಕ್ಕಡಿಯನ್ನ ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವ ಹಾಗೆ ಕೈಯಲ್ಲೇ ಹಿಡಿದುಕೊಳ್ಳಿ. ತಳ ಮುಟ್ಟಬಾರದು, ಪಕ್ಕ ಮುಟ್ಟಬಾರದು. ಆಗ ತಕ್ಕಡಿ ಒಂದು ಸಂಖ್ಯೆ ತೋರಿಸುತ್ತೆ. ನಾಣ್ಯದ ತೂಕವನ್ನ ಆ ಸಂಖ್ಯೆಯಿಂದ ಭಾಗಿಸಿ. ಹಳೇ ಒಳ್ಳೇ ರೂಪಾಯಿ ಆದರೆ ತಕ್ಕಡಿ 1.13ರ ಆಸುಪಾಸು ತೋರಿಸುತ್ತೆ, ಭಾಗಿಸಿದರೆ 10.3 ಬರುತ್ತೆ. 1940ರ ದಶಕದ ಅರ್ಧ ಬೆಳ್ಳಿ ಆದರೆ 9.5. ಎಂಟೂವರೆ, ಎಂಟೂ ಮುಕ್ಕಾಲು ಬಂದರೆ ಅದು ಬೆಳ್ಳಿ ನೀರು ಕುಡಿಸಿದ ಹಿತ್ತಾಳೆಯೋ ಜರ್ಮನ್ ಸಿಲ್ವರೋ ಇರಬೇಕು. ಕಾರಣ ಸರಳ: ಬೆಳ್ಳಿ ಭಾರದ ಲೋಹ, ಅಷ್ಟೇ ತೂಕಕ್ಕೆ ಕಡಿಮೆ ಜಾಗ ತಗೊಳ್ಳುತ್ತೆ. ಖೋಟಾ ಮಾಡೋನು ತೂಕ ಹೊಂದಿಸಿದರೆ ನಾಣ್ಯ ದಪ್ಪ ಆಗುತ್ತೆ, ದಪ್ಪ ಹೊಂದಿಸಿದರೆ ತೂಕ ಬೀಳುತ್ತೆ. ಎರಡನ್ನೂ ಒಟ್ಟಿಗೆ ಹೊಂದಿಸೋದು ಕಷ್ಟ. ಲೇಥ್ ಮಷೀನಿಗೆ ಹೆಸರಾಗಿದ್ದ ಹರಿಹರದ ಜನಕ್ಕೆ ಅಳತೆಯ ಈ ಮಾತನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ದುಡ್ಡಿನ ಲೆಕ್ಕ. ಬೆಳ್ಳಿ ರೇಟು ದಿನಾ ಬದಲಾಗುತ್ತೆ, ಇದನ್ನ ನೀವು ಓದುವ ದಿನ ಎಷ್ಟಿರುತ್ತೋ ಏನೋ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕಿಲೋಗೆ ಒಂದು ಲಕ್ಷ, ಗ್ರಾಂಗೆ ನೂರು ರೂಪಾಯಿ ಅಂತ ಹಿಡಿಯೋಣ. ಗಂಟಿನಲ್ಲಿ ಹನ್ನೊಂದು ರೂಪಾಯಿ ಇವೆ ಅಂದುಕೊಳ್ಳಿ. ಆರು ವಿಕ್ಟೋರಿಯಾ ಮತ್ತು ಐದನೇ ಜಾರ್ಜ್, ಮೂರು 1944ರದ್ದು, ಎರಡು 1947ರದ್ದು.

ಆರು ಒಳ್ಳೇದು ಗುಣಿಸು 10.69, ಬೆಳ್ಳಿ 64.14 ಗ್ರಾಂ. ಮೂರು ಅರ್ಧ ಬೆಳ್ಳಿ ಗುಣಿಸು 5.83, ಅಂದರೆ 17.49 ಗ್ರಾಂ. ಎರಡು ಹುಲಿ ರೂಪಾಯಿ, ಸೊನ್ನೆ. ಒಟ್ಟು 81.63 ಗ್ರಾಂ. ಗ್ರಾಂಗೆ ನೂರರಂತೆ 8,163 ರೂಪಾಯಿ. ಸವಕಲು ಸ್ವಲ್ಪ ಕಳೆಯಿರಿ. ಅಂಗಡಿಯವರು ಕರಗಿಸುವ ಖರ್ಚು, ಲಾಭ ಅಂತ ಸ್ವಲ್ಪ ಹಿಡೀತಾರೆ, ಅದು ವ್ಯಾಪಾರ, ತಪ್ಪಿಲ್ಲ.

ತಪ್ಪು ಎಲ್ಲಿ ಆಗುತ್ತೆ ನೋಡಿ. "ಎಲ್ಲಾ ಅರ್ಧ ಬೆಳ್ಳಿ ಅಜ್ಜಿ, ಒಂದೊಂದು ಒಂದು ತೊಲ" ಅಂತಾರೆ. ಅಜ್ಜಿ ತಲೆಯಾಡಿಸ್ತಾರೆ. ಅಜ್ಜಿಯ ತೊಲ 11.66 ಗ್ರಾಂ. ಇವತ್ತು ಪೇಟೆಯಲ್ಲಿ ಮಾತಿಗೆ ತೊಲ ಅಂದರೆ 10 ಗ್ರಾಂ. ಹನ್ನೊಂದು ನಾಣ್ಯಕ್ಕೆ 110 ಗ್ರಾಂ, ಅದರಲ್ಲಿ ಅರ್ಧ 55, ತಗೊಳ್ಳಿ 5,500 ರೂಪಾಯಿ. ತೊಲ ಅನ್ನೋ ಒಂದು ಪದ, ಅರ್ಧ ಅನ್ನೋ ಒಂದು ಪದ, ಎರಡು ಸೇರಿ ಎರಡೂವರೆ ಸಾವಿರಕ್ಕೂ ಹೆಚ್ಚು ನುಂಗಿದವು. ಎಲ್ಲ ಅಂಗಡಿಯವರೂ ಹೀಗೇ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ತಕ್ಕಡಿ ನಿಮ್ಮ ಕಡೆ ತಿರುಗಿಸಿ, ಗ್ರಾಂನಲ್ಲಿ ಹೇಳಿ, ಇಸವಿ ಪ್ರಕಾರ ಮೂರು ಗುಂಪು ಮಾಡಿ ಲೆಕ್ಕ ಹಾಕಿ ಅಂತ ನೀವು ಕೇಳಿದರೆ ಪ್ರಾಮಾಣಿಕ ವ್ಯಾಪಾರಿಗೆ ಬೇಜಾರಾಗೋದಿಲ್ಲ.

ಸ್ವಾತಂತ್ರ್ಯದ ನಂತರದ ಬೆಳ್ಳಿ ನಾಣ್ಯವೂ ಕೆಲವು ಮನೆಯಲ್ಲಿ ಇವೆ. 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ನಾಣ್ಯ 15 ಗ್ರಾಂ, ಅದರಲ್ಲಿ ಶೇಕಡಾ 80 ಬೆಳ್ಳಿ. ಅಂದರೆ 12 ಗ್ರಾಂ, ರಾಣಿ ರೂಪಾಯಿಗಿಂತಲೂ ಹೆಚ್ಚು. 1972ರ ಸ್ವಾತಂತ್ರ್ಯ ಬೆಳ್ಳಿಹಬ್ಬದ ಹತ್ತು ರೂಪಾಯಿ 22.5 ಗ್ರಾಂ, ಆದರೆ ಅರ್ಧ ಮಾತ್ರ ಬೆಳ್ಳಿ, 11.25 ಗ್ರಾಂ. ಅದೇ ಗಾಂಧಿಯ ಒಂದು ರೂಪಾಯಿ, ಐವತ್ತು ಪೈಸೆ ನಿಕ್ಕಲ್. ಹಳದಿ ಬಣ್ಣದ ಇಪ್ಪತ್ತು ಪೈಸೆ, ಗಾಂಧಿಯದ್ದಾಗಲಿ ಕಮಲದ್ದಾಗಲಿ, ತಾಮ್ರದ ಬೆರಕೆ ಲೋಹ. ಅದರಲ್ಲಿ ಚಿನ್ನ ಇದೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಇನ್ನು ಎರಡನೇ ಬೆಲೆ, ಸಂಗ್ರಹಕಾರರ ಬೆಲೆ.

ಹಳೇದಾದಷ್ಟೂ ಬೆಲೆ ಹೆಚ್ಚು ಅನ್ನೋದು ತಪ್ಪು ತಿಳಿವಳಿಕೆ. ಉದಾಹರಣೆಗೆ ವಿಕ್ಟೋರಿಯಾಳ 1840ರ ರೂಪಾಯಿ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಕಂಪನಿ 1840 ಅನ್ನೋ ಇಸವಿಯನ್ನ ಬದಲಿಸದೆ ಸುಮಾರು ಎರಡು ದಶಕ ಅದನ್ನೇ ಒತ್ತುತ್ತಾ ಹೋಯಿತು. 1862ರ ರೂಪಾಯಿಯದೂ ಅದೇ ಕಥೆ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಇಸವಿ. ಹಾಗಾಗಿ ಅವು ಹಳೇವು, ನಿಜ. ಅಪರೂಪ ಅಲ್ಲ. ಸಾಮಾನ್ಯ ಸ್ಥಿತಿಯ ಇಂಥ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ಸಿಗಬಹುದು, ಅಷ್ಟೇ.

ಅಪರೂಪ ಅಂದರೆ 1939ರ ಆರನೇ ಜಾರ್ಜನ ರೂಪಾಯಿ. ಮುಂಬೈ ಟಂಕಸಾಲೆಯಲ್ಲಿ ಹಳೇ ಪಾಕದಲ್ಲಿ ಒತ್ತಿದ ಕೊನೆಯ ಇಸವಿ ಅದು. ಹೊರಗೆ ಉಳಿದದ್ದು ತೀರಾ ಕಡಿಮೆ, ಅದಕ್ಕೇ ಸಂಗ್ರಹಕಾರರು ಹುಡುಕ್ತಾರೆ. ಅದಕ್ಕೇ 1938ರ ಎಂಟನ್ನ ಕೆತ್ತಿ ಒಂಬತ್ತು ಮಾಡಿದ ಖೋಟಾಗಳೂ ಇವೆ. 1911ರ ರೂಪಾಯಿಗೂ ಒಂದು ಕಥೆ ಇದೆ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಸರದಲ್ಲಿ ಆನೆ ಕೆತ್ತಿದ್ದರು. ಸೊಂಡಿಲು ಗಿಡ್ಡ ಆಗಿ ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರು ಬೇಸರ ಪಟ್ಟರು. 90 ಲಕ್ಷಕ್ಕೂ ಹೆಚ್ಚು ಒತ್ತಿದ್ದರಲ್ಲಿ ಸುಮಾರು 7 ಲಕ್ಷ ಹೊರಗೆ ಹೋಗಿತ್ತು, ಉಳಿದದ್ದನ್ನ ಸರ್ಕಾರ ಕರಗಿಸಿತು. 1912ರಿಂದ ಸೊಂಡಿಲು ಸರಿಯಾಗಿರುವ ಆನೆ ಬಂತು. ಹಾಗಾಗಿ 1911ರದ್ದಕ್ಕೆ ಅಕ್ಕಪಕ್ಕದ ಇಸವಿಗಿಂತ ಹೆಚ್ಚು ಬೆಲೆ. ಹಾಗಂತ ಸವೆದದ್ದಕ್ಕೂ ಲಕ್ಷ ಸಿಗುತ್ತೆ ಅಂತಲ್ಲ.

ಇಸವಿ ಆದ ಮೇಲೆ ಟಂಕಸಾಲೆಯ ಗುರುತು. ಕಲ್ಕತ್ತದ್ದಕ್ಕೆ ಸಾಮಾನ್ಯವಾಗಿ ಗುರುತೇ ಇಲ್ಲ. ಮುಂಬೈಗೆ ಸಣ್ಣ ಚುಕ್ಕೆ, ಇಲ್ಲವೇ ಇಂಗ್ಲಿಷಿನ 'ಬಿ' ಅಕ್ಷರ. 1940ರ ದಶಕದಲ್ಲಿ ಲಾಹೋರಿನಲ್ಲೂ ಒತ್ತಿದರು, ಅದಕ್ಕೆ 'ಎಲ್' ಅಕ್ಷರ. ಒಂದೇ ಇಸವಿಯಲ್ಲೂ ಒಂದು ಊರಿನದ್ದು ಸಾಮಾನ್ಯ, ಇನ್ನೊಂದು ಊರಿನದ್ದು ವಿರಳ ಇರಬಹುದು. ಭೂತಕನ್ನಡಿ ಹಿಡಿದು ನೋಡಿ.

ಮೂರನೇದು ಸ್ಥಿತಿ. ರಾಣಿಯ ಕೂದಲಿನ ಎಳೆ, ಕಿರೀಟದ ಮಣಿ ಎಣಿಸುವ ಹಾಗಿದ್ದರೆ ಒಂದು ಬೆಲೆ, ಮುಖ ಸವೆದು ನುಣ್ಣಗಾಗಿದ್ದರೆ ಇನ್ನೊಂದು ಬೆಲೆ. ಇಲ್ಲಿ ನಮ್ಮ ಮನೆಯವರು ಮಾಡುವ ದೊಡ್ಡ ಅನಾಹುತ ಯಾವುದು ಗೊತ್ತಾ? ಹುಣಸೆಹಣ್ಣು! ಹಬ್ಬ ಬಂತು ಅಂತ ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ ಹಾಕಿ ಗಸಗಸ ತಿಕ್ಕಿ ಫಳಫಳ ಮಾಡ್ತಾರೆ. ನೂರು ವರ್ಷದಿಂದ ಕೂತಿದ್ದ ಕಪ್ಪು ಛಾಯೆ ಹೋಗುತ್ತೆ, ಮೇಲ್ಮೈಗೆ ಗೀರು ಬೀಳುತ್ತೆ, ಸಂಗ್ರಹಕಾರ ಅದನ್ನ ನೋಡಿ ಮುಖ ತಿರುಗಿಸ್ತಾನೆ. ಬೆಳ್ಳಿಯ ಬೆಲೆ ಹೋಗೋದಿಲ್ಲ, ಅದರ ಮೇಲಿನ ಬೆಲೆ ಹೋಗುತ್ತೆ. ತೊಳೆಯಬೇಡಿ, ತಿಕ್ಕಬೇಡಿ. ಪೂಜೆಗೆ ಅರಿಶಿನ ಕುಂಕುಮ ಹಚ್ಚಲೇಬೇಕು ಅಂದರೆ ಸಾಮಾನ್ಯ ಇಸವಿಯ ಎರಡು ನಾಣ್ಯ ಅದಕ್ಕಂತಲೇ ಇಟ್ಟುಕೊಳ್ಳಿ.

ಲೋಹ ಅಗ್ಗ, ನಾಣ್ಯ ದುಬಾರಿ ಅನ್ನುವ ಉದಾಹರಣೆ ನಮ್ಮಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಅದರ ಮೇಲೆ ಕನ್ನಡ ಅಕ್ಷರ ಇದೆ, 'ಮಯಿಲಿ ಕಾಸು' ಅಂತ. ಕರಗಿಸಿದರೆ ತಾಮ್ರಕ್ಕೆ ಬಿಡಿ ಚಿಲ್ಲರೆ ಸಿಗಬಹುದು. ಅಕ್ಷರ ಸ್ಪಷ್ಟ ಇದ್ದರೆ ಸಂಗ್ರಹಕಾರ ಅದರ ಎಷ್ಟೋ ಪಟ್ಟು ಕೊಡ್ತಾನೆ. ಗುಜರಿಗೆ ಹಾಕುವ ಮುಂಚೆ ಒಂದು ಸಲ ತಿರುಗಿಸಿ ನೋಡಿ. ಕನ್ನಡ ನಾಣ್ಯಗಳ ಬಗ್ಗೆ ಆಳವಾಗಿ ತಿಳಿಯಬೇಕು ಅನ್ನೋರಿಗೆ ಮೈಸೂರಿನ ಡಾ. ಎ.ವಿ. ನರಸಿಂಹಮೂರ್ತಿ ಅವರ ಕೆಲಸ ದೊಡ್ಡ ಆಧಾರ.

ನಮ್ಮ ಜಿಲ್ಲೆಯ ತಾಂಡಾಗಳ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿ ಆಗೋದಿಲ್ಲ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರೋದು ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ. ಬಂಜಾರ ಅಜ್ಜಿಯರ ಕೊರಳಲ್ಲಿ, ಕಂಚುಕದಲ್ಲಿ, ಹಳೇ ರೂಪಾಯಿ, ಪಾವಲಿ ಕೋದಿರ್ತಾರೆ. ಕೊಂಡಿ ಬೆಸೆದ ನಾಣ್ಯಕ್ಕೆ ನಾಣ್ಯ ಸಂಗ್ರಹಕಾರ ಹೆಚ್ಚು ಕೊಡೋದಿಲ್ಲ, ಬೆಳ್ಳಿಯ ಬೆಲೆ ಮಾತ್ರ. ಆದರೆ ಬಿಚ್ಚಿ ಬಿಡಿಬಿಡಿ ಮಾರುವ ಮುಂಚೆ ಯೋಚಿಸಿ. ಕೈ ಕಸೂತಿಯ ಸಮೇತ ಇಡೀ ಒಡವೆಗೆ, ಇಡೀ ಉಡುಪಿಗೆ ಬೇರೆಯೇ ಮೌಲ್ಯ ಇದೆ. ಬಿಚ್ಚಿದರೆ ಅದು ಬರೀ ಗ್ರಾಂ ಲೆಕ್ಕ.

ಈಗ ಮೊಬೈಲಿನ ಐದು ಲಕ್ಷಕ್ಕೆ ಬರೋಣ.

2021ರಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರು 1947ರ ಒಂದು ರೂಪಾಯಿಯನ್ನ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟರು. ಕೋಟಿ ಕೊಡ್ತೀನಿ ಅಂತ ಒಬ್ಬ ಬಂದ. ಹಣ ಕಳಿಸೋಕೆ ಮುಂಚೆ ತೆರಿಗೆ ಕಟ್ಟಿ ಅಂದ. ಅವರು ಕಟ್ಟಿದರು. ಲಕ್ಷ ರೂಪಾಯಿ ಹೋಯಿತು. ಆ ಹುಲಿ ರೂಪಾಯಿಯಲ್ಲಿ ಬೆಳ್ಳಿ ಎಷ್ಟು ಅಂತ ಈಗ ನಿಮಗೆ ಗೊತ್ತು. ಅದೇ ವರ್ಷ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಪ್ರಕಟಣೆ ಕೊಟ್ಟಿತು: ಹಳೇ ನೋಟು, ನಾಣ್ಯದ ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾರಿಂದಲೂ ಶುಲ್ಕ, ಕಮಿಷನ್ ಕೇಳೋದಿಲ್ಲ, ತನ್ನ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಒಂದೇ ಸೂತ್ರ ನೆನಪಿಡಿ. ಕೊಳ್ಳೋನು ದುಡ್ಡು ಕೊಡಬೇಕು. ಕೊಳ್ಳೋನೇ ನಿಮ್ಮಿಂದ ರಿಜಿಸ್ಟ್ರೇಷನ್, ಜಿಎಸ್‌ಟಿ, ಕೊರಿಯರ್ ಅಂತ ದುಡ್ಡು ಕೇಳಿದರೆ ಅವನು ಕೊಳ್ಳೋನಲ್ಲ, ಕಳ್ಳ. ವೈಷ್ಣೋದೇವಿಯ ಐದು ರೂಪಾಯಿ, 786 ಇರುವ ನೋಟು, ಟ್ರಾಕ್ಟರ್ ನೋಟು, ಎಲ್ಲಕ್ಕೂ ಇದೇ ಉತ್ತರ. ರಾಮ–ಸೀತೆ, ಹನುಮಂತ ಇದ್ದು ಹಿಂದೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದ ತಾಮ್ರದ ಬಿಲ್ಲೆ ತೋರಿಸಿದರೆ, ಅಂಥ ನಾಣ್ಯವನ್ನ ಕಂಪನಿ ಒತ್ತಲೇ ಇಲ್ಲ. ಅಕ್ಕಿ ಎಳೆಯುವ ನಾಣ್ಯ, 'ರೈಸ್ ಪುಲ್ಲರ್' ಅಂತ ಬರೋನನ್ನ ನೇರ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗಿ. ತಾಮ್ರ ಅಕ್ಕಿಯನ್ನ ಎಳೆಯೋದಿಲ್ಲ. ಎಳೆದರೆ ಒಳಗೆ ಅಯಸ್ಕಾಂತ, ಅಕ್ಕಿಯಲ್ಲಿ ಕಬ್ಬಿಣದ ಪುಡಿ ಇರುತ್ತೆ. ದುಡ್ಡು ಆಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆ ಪಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ಸಹಾಯವಾಣಿ ಅದು. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ಕಾನೂನಿನ ಎರಡು ಮಾತು. ಅಜ್ಜಿಯ ಪೆಟ್ಟಿಗೆಯ ನಾಣ್ಯ ನಿಮ್ಮದು. ಹೊಲ ಉಳುವಾಗ, ಪಾಯ ತೆಗೆಯುವಾಗ ಗಡಿಗೆ ಸಿಕ್ಕರೆ ಅದು ಬೇರೆ ವಿಷಯ. ಕರ್ನಾಟಕದಲ್ಲಿ ಅದಕ್ಕಂತಲೇ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಬಚ್ಚಿಟ್ಟು ಕರಗಿಸಿದರೆ ಅಪರಾಧವೂ ಹೌದು, ಇತಿಹಾಸವೂ ಹೋಯಿತು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತೆ. ಅಮೆರಿಕದ ಅಳಿಯನಿಗೆ ಉಡುಗೊರೆ ಅಂತ ಸೂಟ್‌ಕೇಸಿನಲ್ಲಿ ಹಾಕಿ ಕಳಿಸೋ ಹಾಗಿಲ್ಲ. ಇವತ್ತು ಚಲಾವಣೆಯಲ್ಲಿರುವ ನಾಣ್ಯ ಕರಗಿಸಿದರೆ 2011ರ ಕಾಯ್ದೆ ಪ್ರಕಾರ ಏಳು ವರ್ಷದವರೆಗೆ ಜೈಲು.

ಹಾಗಾದರೆ ಏನು ಮಾಡಬೇಕು? ಇವತ್ತು ರಾತ್ರಿ ಊಟ ಆದ ಮೇಲೆ ಗಂಟು ಬಿಚ್ಚಿ. 1939ರವರೆಗಿನದ್ದು ಒಂದು ಕಡೆ, 1940ರಿಂದ 45ರವರೆಗಿನದ್ದು ಒಂದು ಕಡೆ, ಅಯಸ್ಕಾಂತಕ್ಕೆ ಅಂಟೋದು ಒಂದು ಕಡೆ ಇಡಿ. ಇಸವಿ ಬರೆದುಕೊಳ್ಳಿ, ಎರಡೂ ಮುಖದ ಫೋಟೋ ತೆಗೆಯಿರಿ. ವಿಶೇಷ ಇಸವಿ ಕಂಡರೆ ಬೆಂಗಳೂರಿನ ನಾಣ್ಯ ಹರಾಜು ಸಂಸ್ಥೆಗಳಿಗೆ, ನಾಣ್ಯ ಪ್ರದರ್ಶನಗಳಿಗೆ ತೋರಿಸಿ. ಅವರ ಹಳೇ ಹರಾಜುಗಳಲ್ಲಿ ಅಂಥದ್ದು ನಿಜಕ್ಕೂ ಎಷ್ಟಕ್ಕೆ ಹೋಯಿತು ಅಂತ ಕೇಳಿ. ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಸಾಮಾನ್ಯ ಇಸವಿ ಆದರೆ ಆ ದಿನದ ಬೆಳ್ಳಿ ರೇಟು ನೋಡಿಕೊಂಡು ಎರಡು ಅಂಗಡಿ ಹತ್ತಿ ಇಳಿಯಿರಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರನೇ ಅಂಗಡಿಯಲ್ಲಿ ಮಾರಿ.

ಮತ್ತೆ, ಅವಸರ ಇಲ್ಲದಿದ್ದರೆ ಮಾರಲೇಬೇಡಿ ಅನ್ನೋದು ನನ್ನ ಸಲಹೆ. ಆ ಗಂಟು ಕಟ್ಟಿದ ಹೆಂಗಸಿಗೆ ಬ್ಯಾಂಕ್ ಖಾತೆ ಇರಲಿಲ್ಲ, ಆಸ್ತಿಯಲ್ಲಿ ಪಾಲು ಇರಲಿಲ್ಲ. ಕೈಗೆ ಬಂದ ರೂಪಾಯಿಯಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಕಲ್ಲಿನ ಮೇಲೆ ಟಣ್ ಅಂತ ಬಡಿದು ಶಬ್ದದಲ್ಲೇ ಕಂಡುಹಿಡಿದು, ಗಟ್ಟಿಯದ್ದನ್ನ ಮಾತ್ರ ಉಳಿಸಿದಳು. ಮಾರುವ ಪರಿಸ್ಥಿತಿ ಬಂದರೆ ಮಾರಿ, ಅವಳು ಉಳಿಸಿದ್ದೇ ಕಷ್ಟಕ್ಕಾಗಲಿ ಅಂತ. ಆದರೆ ಅವಳು ಅಷ್ಟು ಜೋಪಾನ ಮಾಡಿದ 10.69 ಗ್ರಾಂನಲ್ಲಿ ಒಂದು ಗ್ರಾಂ ಕೂಡ ಪುಕ್ಕಟೆ ಬಿಟ್ಟುಕೊಡಬೇಡಿ.